ಎದುರಾಳಿಯ ಅಂಗಳದಲ್ಲಿ

'ಉತ್ತರನ ಪೌರುಷ ಒಲೆಯ ಮುಂದೆ' ಎಂಬುದು ಕನ್ನಡಿಗರಿಗೆ ಚಿರಪರಿಚಿತವಾದ ಗಾದೆ. ವಿರಾಟನ ಅಂತಃಪುರದಲ್ಲಿ ಹೆಂಗಳೆಯರ ನಡುವೆ ಕುಳಿತು ಕೌರವರನ್ನು ಮಾತಿನಲ್ಲಿಯೇ ಗೆದ್ದ ರಾಜಕುಮಾರನು, ಅವರ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಇಳಿದು ಓಡಿದನು. ಮೆಚ್ಚುವವರ ನಡುವೆ ಆಡುವ ಮಾತು ಸುಲಭವಾದುದು. ಒಪ್ಪದವರ ಎದುರಿನಲ್ಲಿ ನಿಂತು ಆಡಿದಾಗಲೇ ಅದರ ಸತ್ತ್ವ ತಿಳಿಯುವುದು. ಜನರ ಮತವನ್ನು ಬೇಡುವ ಅಭ್ಯರ್ಥಿಗೂ ಈ ಮಾತು ಸಲ್ಲುತ್ತದೆ. ತನ್ನ ವಿಚಾರಗಳನ್ನು ವಿರೋಧಿಸುವ ದೂರದರ್ಶನ ವಾಹಿನಿಗೆ ಆತನು ಸಂದರ್ಶನ ಕೊಡಬೇಕೆ, ಕೊಡಬಾರದೆ? ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಚಿನ ಚುನಾವಣೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ.

ಆ ದೇಶದಲ್ಲಿ 1949ರಲ್ಲಿ ಒಂದು ನಿಯಮ ಜಾರಿಗೆ ಬಂದಿತು. ವಿವಾದಾಸ್ಪದವಾದ ಸಾರ್ವಜನಿಕ ವಿಷಯಗಳನ್ನು ಚರ್ಚಿಸುವಾಗ ಬಾನುಲಿ ಮತ್ತು ದೂರದರ್ಶನ ಕೇಂದ್ರಗಳು ಭಿನ್ನಾಭಿಪ್ರಾಯಗಳಿಗೂ ಎಡೆಗೊಡಬೇಕೆಂಬುದು ಅದರ ಆಶಯ. 1987ರಲ್ಲಿ ಅದನ್ನು ರದ್ದುಗೊಳಿಸಲಾಯಿತು. ಮುಂದೆ ಕೇಬಲ್ ವಾಹಿನಿಗಳು ಬೆಳೆದಂತೆ, ನೋಡುಗರು ತಮ್ಮ ತಮ್ಮ ಒಲವಿಗೆ ತಕ್ಕ ವಾಹಿನಿಗಳನ್ನು ಆರಿಸಿಕೊಳ್ಳತೊಡಗಿದರು. 1996ರಲ್ಲಿ ಆರಂಭವಾದ ಫಾಕ್ಸ್ ನ್ಯೂಸ್ ವಾಹಿನಿಯು ಸಂಪ್ರದಾಯಪರ ವಿಚಾರವುಳ್ಳವರ ನೆಚ್ಚಿನ ವಾಹಿನಿಯಾಯಿತು. ಹೀಗಾದಾಗ ಒಂದು ಪಕ್ಷದ ನಾಯಕರ ಮಾತು ಇನ್ನೊಂದು ಪಕ್ಷದ ಜನರಿಗೆ ನೇರವಾಗಿ ತಲುಪುವುದು ಅಪರೂಪವಾಗಿ, ಆ ಮಾತಿನ ಬಗ್ಗೆ ಇತರರು ಆಡುವ ಟೀಕೆಯೇ ಅವರ ಕಿವಿಗೆ ಬೀಳುವಂತಾಗುತ್ತದೆ.

2019ರ ಮಾರ್ಚ್ ತಿಂಗಳಲ್ಲಿ ಡೆಮಾಕ್ರಟಿಕ್ ಪಕ್ಷವು ತನ್ನ ಅಭ್ಯರ್ಥಿಗಳ ಚರ್ಚೆಯನ್ನು ನಡೆಸುವ ಅವಕಾಶವನ್ನು ಈ ವಾಹಿನಿಗೆ ಕೊಡಲು ನಿರಾಕರಿಸಿತು. ಆದರೆ ಆ ಪಕ್ಷದ ಉಮೇದುವಾರಿಕೆಯನ್ನು ಬಯಸಿದ್ದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರು ಮರು ತಿಂಗಳೇ ಅದೇ ವಾಹಿನಿಯ ಸಭೆಗೆ ಹೋದರು. ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಗೆ ಹೆಸರಾಗಿದ್ದ ಪೆನ್ಸಿಲ್ವೇನಿಯದ ಬೆತ್ಲೆಹೆಮ್ ನಗರದಲ್ಲಿ ಆ ಸಭೆ ನಡೆಯಿತು. ಕೆಲಸ ಕೊಟ್ಟವರ ಮೂಲಕ ಆರೋಗ್ಯ ವಿಮೆ ಪಡೆದವರಲ್ಲಿ ಎಷ್ಟು ಮಂದಿ ಸರ್ಕಾರಿ ವ್ಯವಸ್ಥೆಗೆ ಬದಲಾಗಲು ಸಿದ್ಧರಿದ್ದೀರಿ ಎಂದು ನಿರೂಪಕ ಬ್ರೆಟ್ ಬೇಯರ್ ಅವರು ಸಭಿಕರನ್ನು ಕೇಳಿದಾಗ ದೊಡ್ಡ ಹರ್ಷೋದ್ಗಾರವೇ ಉತ್ತರವಾಗಿ ಬಂದಿತು. ಸಭೆಯಲ್ಲಿ ಯಾವ ಪಕ್ಷದವರು ಎಷ್ಟಿದ್ದರೆಂಬುದು ಬೇರೆ ಮಾತು. ಮನೆಯಲ್ಲಿ ಕುಳಿತು ನೋಡಿದ 25 ಲಕ್ಷಕ್ಕೂ ಹೆಚ್ಚು ಜನರು ಆ ಯೋಜನೆಯನ್ನು ಅದನ್ನು ಮುಂದಿಟ್ಟವರ ಬಾಯಿಂದಲೇ ಕೇಳಿದರು.

ಅದೇ ವರ್ಷದ ಮೇ ತಿಂಗಳಲ್ಲಿ ಸೆನೆಟರ್ ಎಲಿಜಬೆತ್ ವಾರನ್ ಅವರು ಅಂತಹುದೇ ಆಹ್ವಾನವನ್ನು ತಿರಸ್ಕರಿಸಿದರು. ಆ ವಾಹಿನಿಯು ದ್ವೇಷವನ್ನು ಮಾರಿ ಲಾಭ ಗಳಿಸುತ್ತಿದೆ. ಅಲ್ಲಿಗೆ ಹೋದರೆ ಅದಕ್ಕೆ ಗೌರವವನ್ನೂ ಜಾಹೀರಾತಿನ ಹಣವನ್ನೂ ದೊರಕಿಸಿಕೊಟ್ಟಂತಾಗುತ್ತದೆ ಎಂಬುದು ಅವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಒಂದು ಮಾತನ್ನು ಮರೆಯಬಾರದು. ವಾಹಿನಿಗೆ ಒಡೆಯನಿರಬಹುದು, ನೋಡುಗನಿಗೆ ಒಡೆಯನಿಲ್ಲ. ಅಭ್ಯರ್ಥಿ ದೂರ ಉಳಿದಾಗ ನಷ್ಟ ಹೊಂದುವವನು ಒಡೆಯನಿಗಿಂತ ಹೆಚ್ಚಾಗಿ ಆ ನೋಡುಗನೇ.

2024ರ ಅಕ್ಟೋಬರ್ 16ರಂದು ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಕಮಲಾ ಹ್ಯಾರಿಸ್ ಅವರು ಅದೇ ಬೇಯರ್ ಅವರ ಎದುರು ಕುಳಿತರು. ಅರ್ಧ ಗಂಟೆಯೂ ಮೀರದ ಆ ಸಂದರ್ಶನದಲ್ಲಿ ನಿರೂಪಕರು ಹಲವು ಸಲ ನಡುವೆ ಬಾಯಿ ಹಾಕಿದರು. ತಮ್ಮ ಉತ್ತರವನ್ನು ಮುಗಿಸಲು ಬಿಡಬೇಕೆಂದು ಅವರು ಪಟ್ಟುಹಿಡಿಯಬೇಕಾಯಿತು. ಮರು ತಿಂಗಳು ಅವರು ಸೋತರು. ಸ್ಯಾಂಡರ್ಸ್ ಅವರಿಗೂ ಪಕ್ಷದ ಉಮೇದುವಾರಿಕೆ ದೊರೆಯಲಿಲ್ಲ. ಹಾಗಾದರೆ ಈ ಸಾಹಸದಿಂದ ಏನು ಫಲ ಎಂದು ಕೆಲವರು ಕೇಳಬಹುದು. ಫಲವನ್ನು ಮತಗಳ ಎಣಿಕೆಯಿಂದ ಮಾತ್ರ ಅಳೆಯುವುದು ಸರಿಯಲ್ಲ. ಗೆದ್ದವರು ತಮಗೆ ಮತ ನೀಡದವರನ್ನೂ ಆಳುತ್ತಾರೆ; ಅವರು ವಿಧಿಸುವ ತೆರಿಗೆ, ಮಾಡುವ ಕಾನೂನು ಎಲ್ಲರ ಮೇಲೆಯೂ ಬೀಳುತ್ತವೆ. ನಾಳೆ ಆಳಿಸಿಕೊಳ್ಳಬೇಕಾದವನಿಗೆ ಇಂದು ಪ್ರಶ್ನೆ ಕೇಳುವ ಹಕ್ಕಿದೆ. ಅವನಿಗೆ ಉತ್ತರ ಕೊಡುವುದು ಅಭ್ಯರ್ಥಿಯ ಔದಾರ್ಯವಲ್ಲ, ಕರ್ತವ್ಯ.

ಈ ಕರ್ತವ್ಯ ಒಬ್ಬರದೇ ಅಲ್ಲ. ಪೂರ್ವಪಕ್ಷವನ್ನು ಮೊದಲು ಸಮರ್ಪಕವಾಗಿ ಮಂಡಿಸಿ, ಅನಂತರ ಸಿದ್ಧಾಂತವನ್ನು ಹೇಳುವುದು ನಮ್ಮ ಶಾಸ್ತ್ರಕಾರರ ಪದ್ಧತಿ. ಎದುರಾಳಿಯ ಮಾತನ್ನು ಅರ್ಧಕ್ಕೆ ತಡೆದು ಗೆದ್ದವನನ್ನು ಅವರು ಗೆದ್ದವನೆಂದು ಎಣಿಸುತ್ತಿರಲಿಲ್ಲ. ಸಂದರ್ಶಕನು ಕಠಿಣವಾದ ಪ್ರಶ್ನೆಯನ್ನು ಕೇಳಲಿ. ಆದರೆ ಉತ್ತರಕ್ಕೆ ಕಾಲಾವಕಾಶ ಕೊಡಲಿ. ಅಭ್ಯರ್ಥಿಯು ನಿರೂಪಕನನ್ನು ಸೋಲಿಸುವ ಹಟ ತೊರೆದು, ಆತನ ಬೆನ್ನ ಹಿಂದೆ ಇರುವ ಲಕ್ಷಾಂತರ ಮಂದಿಯನ್ನು ನೆನೆದು ಮಾತನಾಡಲಿ. ಕೇಳುವವನಾದರೂ ತನಗೆ ಹಿಡಿಸದ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ತೋರಲಿ. ಒಪ್ಪಿಗೆ ದೊರೆಯದಿದ್ದರೂ ಚಿಂತೆಯಿಲ್ಲ; ಪರಸ್ಪರರನ್ನು ನೇರವಾಗಿ ಕೇಳಿ ತಿಳಿದ ಮೇಲೆ ಭಿನ್ನರಾಗುವುದು, ಕೇಳದೆಯೇ ದ್ವೇಷಿಸುವುದಕ್ಕಿಂತ ಮೇಲು.