ಒಳಗಿನ ಕರೆಂಟು ಮತ್ತು ಮನೆಯ ನೋಟುಬುಕ್ಕು

ಹಳ್ಳಿಯ ಮಾತಿನಲ್ಲಿ ವಿಕಿರಣ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎಂಬ ಹೆಸರು ನಿಂತುಹೋಗಿದೆ. ‘ಒಳಗಿನ ಕರೆಂಟು’ ಎಂಬುದು ಹೆಚ್ಚಾಗಿ ಹೆಂಗಸರ ಮಾತು. ಗರ್ಭಕೊರಳಿನ ಕ್ಯಾನ್ಸರಿಗಾಗಿ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದು ಬಂದವರು ಅದನ್ನು ಬಲ್ಲರು. ಅದೇ ವಿಧಾನ ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೂ ಉಂಟೆಂಬ ಸಂಗತಿ ಮನೆಗಳನ್ನು ಅಷ್ಟಾಗಿ ಮುಟ್ಟಿಲ್ಲ. ಮೂತ್ರದ ತೊಂದರೆಯನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರುವ ಹಿರಿಯರು ನಮ್ಮ ದೇಶದಲ್ಲಿ ಬಹಳ. ಆದ್ದರಿಂದಲೇ ಈ ರೋಗ ಇಲ್ಲಿ ಅನೇಕರಲ್ಲಿ ತಡವಾಗಿ ಪತ್ತೆಯಾಗುತ್ತದೆ. ಒಳಗಿನ ಕರೆಂಟು ಒಂದೇ ಸಾಕಾಗುವುದು ರೋಗ ಗ್ರಂಥಿಯ ಒಳಗೇ ಇರುವಾಗ ಮಾತ್ರ.

ವಿಧಾನ ಎರಡು ಬಗೆಯದು. ಒಂದರಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ, ಸುಮಾರು 4.5 ಮಿಲಿಮೀಟರ್ ಉದ್ದದ ಲೋಹದ ಕಾಳುಗಳನ್ನು ಸೂಜಿಯ ಮೂಲಕ ಗ್ರಂಥಿಯಲ್ಲಿ ಊರಿ ಅಲ್ಲಿಯೇ ಬಿಡುತ್ತಾರೆ. ಒಳಗಿನ ಅಯೋಡಿನ್-125 ಪ್ರತಿ 60 ದಿನಕ್ಕೆ ಅರ್ಧದಷ್ಟು ಕ್ಷೀಣಿಸುತ್ತ ವರ್ಷದೊಳಗೆ ಬಹುತೇಕ ತಣ್ಣಗಾಗುತ್ತದೆ. ಕಾಳು ಮಾತ್ರ ಜೀವನಪೂರ್ತಿ ಅಲ್ಲೇ ಉಳಿಯುತ್ತದೆ. ಮೊದಲ ಕೆಲವು ವಾರ ಮೊಮ್ಮಕ್ಕಳನ್ನು ಬಹಳ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳಬಾರದೆಂಬ ಎಚ್ಚರಿಕೆ ಇವರಿಗೇ ಸೇರಿದ್ದು. ಇನ್ನೊಂದರಲ್ಲಿ ಇರಿಡಿಯಂ-192 ಸೂಜಿಗಳ ಒಳಗೆ ಕೆಲವೇ ನಿಮಿಷ ಇದ್ದು ಹಿಂದಿರುಗುತ್ತದೆ. ದೇಹದಲ್ಲಿ ಏನೂ ಉಳಿಯದು, ಅಜ್ಜನ ಮಡಿಲಿಗೆ ಮೊಮ್ಮಗು ಬರಲು ಅಡ್ಡಿಯಿಲ್ಲ. ಗರ್ಭಕೊರಳಿಗೆ ಬಳಸುವ ಯಂತ್ರವೇ ಇದಕ್ಕೂ ಒದಗುವುದರಿಂದ ಭಾರತದಲ್ಲಿ ಈ ಬಗೆಗೇ ಹೆಚ್ಚು ಅನುಕೂಲ.

ಫಲವೇನು? ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1998ರಿಂದ 2003ರವರೆಗೆ ಕಾಳು ಊರಿಸಿಕೊಂಡ ಮೊದಲ 1,006 ಜನರ ಲೆಕ್ಕವನ್ನು ಅಲ್ಲಿನ ವೈದ್ಯರು ಇಟ್ಟರು. ಹತ್ತು ವರ್ಷದ ಕೊನೆಗೆ ರೋಗ ಮರಳಿದ ಗುರುತಿಲ್ಲದವರು ನೂರಕ್ಕೆ ಸುಮಾರು 94. ಇದು ಒಳ್ಳೆಯ ಫಲವೇ. ಆದರೆ ಇದರ ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟು ನೋಡಬೇಕು. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 1,643 ಜನರನ್ನು ಶಸ್ತ್ರಚಿಕಿತ್ಸೆ, ಹೊರಗಿನ ವಿಕಿರಣ, ಬರಿಯ ನಿಗಾ ಎಂದು ಮೂರು ಗುಂಪು ಮಾಡಲಾಗಿತ್ತು. ಹದಿನೈದು ವರ್ಷಗಳಲ್ಲಿ ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು ಮೂರು ಗುಂಪಿನಲ್ಲೂ ನೂರಕ್ಕೆ ಮೂವರ ಆಸುಪಾಸು. ಅಂದರೆ ಮೊದಲ ಹಂತದ, ನಿಧಾನವಾಗಿ ಬೆಳೆಯುವ ರೋಗಕ್ಕೆ, ಅದರಲ್ಲೂ ಎಂಬತ್ತರ ಅಂಚಿನವರಿಗೆ, ತಕ್ಷಣ ಏನನ್ನೂ ಮಾಡದೆ ಪರೀಕ್ಷಿಸುತ್ತ ಇರುವುದೂ ಒಂದು ಚಿಕಿತ್ಸೆಯೇ. ಸಾಲ ಮಾಡಿ ಓಡುವ ಮುನ್ನ ಆ ಪ್ರಶ್ನೆಯನ್ನು ವೈದ್ಯರಲ್ಲಿ ಕೇಳುವುದು ಅವಮಾನವಲ್ಲ.

ಬೆಲೆಯೂ ಇದೆ. ಮೊದಲ ತಿಂಗಳುಗಳಲ್ಲಿ ಮೂತ್ರದ ಉರಿ, ಪದೇ ಪದೇ ಏಳುವುದು ಸಾಮಾನ್ಯ; ಬಹುಮಂದಿಗೆ ತಗ್ಗುತ್ತದೆ, ಕೆಲವರಿಗೆ ಮೂತ್ರನಾಳ ಕಿರಿದಾಗುತ್ತದೆ. ದಾಂಪತ್ಯದ ಶಕ್ತಿ ವರ್ಷ ಕಳೆದಂತೆ ಕುಂದಬಹುದು. ಈ ಮಾತನ್ನು ಗಂಡ ಹೆಂಡತಿ ಇಬ್ಬರೂ ಮೊದಲೇ ಕೇಳಿಸಿಕೊಂಡಿರುವುದು ಲೇಸು. ಒಂದೆರಡು ವರ್ಷದ ಮೇಲೆ ಮಲದಲ್ಲಿ ರಕ್ತ ಕಾಣುವುದೂ ಉಂಟು. ಆಗ ಹೊಸ ವೈದ್ಯರ ಬಳಿ ಹೋದವರು ಹಿಂದೆ ಒಳಗಿನ ಕರೆಂಟು ಆಗಿದೆಯೆಂದು ಮೊದಲ ಮಾತಿನಲ್ಲೇ ಹೇಳಬೇಕು. ವಿಕಿರಣ ತಾಗಿದ ಗುದನಾಳದ ಗೋಡೆಯಿಂದ ಪರೀಕ್ಷೆಗೆಂದು ತುಣುಕು ತೆಗೆದರೆ ಆ ಗಾಯ ಮಾಯದೆ ತೂತಾಗುವ ಅಪಾಯವಿದೆ.

ಇನ್ನು ಪಿ.ಎಸ್.ಎ. ಎಂಬ ರಕ್ತಪರೀಕ್ಷೆ. ಚಿಕಿತ್ಸೆಯ ನಂತರ ಈ ಅಂಕಿ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಎರಡನೆಯ ಮೂರನೆಯ ವರ್ಷದಲ್ಲಿ ಹಲವರಿಗೆ ಒಮ್ಮೆ ತಾನಾಗಿ ಏರಿ ಮತ್ತೆ ತಾನೇ ಇಳಿಯುತ್ತದೆ. ಆ ಏರಿಕೆಯನ್ನೇ ಕಂಡು ಹೆದರಿ ಇನ್ನೊಂದು ಚಿಕಿತ್ಸೆಗೆ ಕೈಹಾಕಿ ಕೆಟ್ಟವರಿದ್ದಾರೆ. ಇದುವರೆಗಿನ ಅತಿ ಕೆಳಗಿನ ಅಂಕಿಗಿಂತ 2ರಷ್ಟು ಅಥವಾ ಅದಕ್ಕೂ ಹೆಚ್ಚು ಮೇಲೇರಿದರೆ ರೋಗ ಮರಳಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಹಾಗಾದರೆ ಆ ಅತಿ ಕೆಳಗಿನ ಅಂಕಿ ಯಾವುದು, ಯಾವ ವರ್ಷದ್ದು? ಅದು ತಿಳಿಯದಿದ್ದರೆ ಇಂದಿನ ಚೀಟಿಗೆ ಅರ್ಥವೇ ಇಲ್ಲ.

ಗಡಿಯ ಮನೆಗಳ ಕಷ್ಟ ಇಲ್ಲಿಯೇ. ರಾಯದುರ್ಗದವರು ಒಂದು ಸಲ ಬಳ್ಳಾರಿಗೆ, ಇನ್ನೊಂದು ಸಲ ಅನಂತಪುರಕ್ಕೆ. ಮಡಕಶಿರಾದವರು ಹಿಂದೂಪುರಕ್ಕೆ, ಇಲ್ಲವೇ ಬೆಂಗಳೂರಿಗೆ. ವೈದ್ಯರ ಮಾತು ಒಂದು ಕಡೆ ತೆಲುಗು, ಒಂದು ಕಡೆ ಕನ್ನಡ, ಕಾಗದ ಎಲ್ಲ ಕಡೆಯೂ ಇಂಗ್ಲಿಷು. ಮನೆಯಲ್ಲಿ ಬಲ್ಲದ್ದು ಕನ್ನಡ. ಚೀಟಿಗಳು ಪ್ಲಾಸ್ಟಿಕ್ ಕವರಿನೊಳಗೆ ಮಡಿಚಿಕೊಂಡು ಮಾಸುತ್ತವೆ. ಆರನೆಯ ತರಗತಿಯ ಮೊಮ್ಮಗಳ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳು ಇದಕ್ಕೆ ಸಾಕು: ದಿನಾಂಕ, ಊರು, ಪ್ರಯೋಗಾಲಯದ ಹೆಸರು, ಅಂಕಿ. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯವಿರಲಿ. ಬೇರೆ ಬೇರೆ ಕಡೆಯ ಅಂಕಿಗಳು ಒಂದಕ್ಕೊಂದು ಸರಿಹೊಂದದಿರಬಹುದು. ಮೊದಲ ಹಾಳೆಯ ಮೇಲೆ ಚಿಕಿತ್ಸೆ ಆದ ದಿನ, ಆಸ್ಪತ್ರೆ, ಕಾಳೋ ಇರಿಡಿಯಮ್ಮೋ ಎಂಬುದನ್ನು ದಪ್ಪಕ್ಷರದಲ್ಲಿ ಬರೆದು, ಮುಂದಿನ ಹಾಳೆಗಳನ್ನು ಹದಿನೈದು ವರ್ಷಕ್ಕೆ ಖಾಲಿ ಬಿಡಬಹುದು.