ಯೆಜ್ಡಿ ಪಿಸ್ಟನ್: ಅಳತೆ ಮೊದಲು, ದುಡ್ಡು ಆಮೇಲೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಯೆಜ್ಡಿಗಳು ನಮ್ಮ ಕಡೆ ಇನ್ನೂ ಓಡುತ್ತಿವೆ, ಹೊಗೆ ಬಿಡುತ್ತಾ ಅನ್ನಿ. ಒಬ್ಬೊಬ್ಬರೇ ಪಿಸ್ಟನ್ ಹುಡುಕಿದರೆ ಅಂಗಡಿಯವರು ಹೇಳಿದ್ದೇ ರೇಟು. ಹತ್ತು ಜನ ಸೇರಿ ತರಿಸುವುದೇ ಸರಿ. ಆದರೆ ಎಲ್ಲರಿಗೂ ಒಂದೇ ಸೈಜು ಬರೆಸಬೇಡಿ. ಬೋರ್ ಮಾಡಿಸಿದ ಗಾಡಿಗೆ ಓವರ್‌ಸೈಜ್ ಪಿಸ್ಟನ್ನೇ ಬೇಕು. ಎಷ್ಟು ಸಲ ಬೋರ್ ಆಗಿದೆಯೋ ಅದರ ಮೇಲೆ ಅಳತೆ. ಕಳೆದ ಸಲ ನಾವು ಮೊದಲು ದುಡ್ಡು ಎತ್ತಿದೆವು, ಅಳತೆ ಕೇಳಲೇ ಇಲ್ಲ. ಮೂರು ಪಿಸ್ಟನ್ ಯಾರ ಗಾಡಿಗೂ ಕೂರಲಿಲ್ಲ. ದುಡ್ಡು ಕೊಟ್ಟವರು ಅಕ್ಕಪಕ್ಕದ ಮನೆಯವರೇ, ಮುಖ ತಪ್ಪಿಸಿ ಎಲ್ಲಿಗೆ ಹೋಗುವುದು? ಈ ಸಲ ಮೆಕ್ಯಾನಿಕ್ ಅಳೆದು ಬರೆದ ಚೀಟಿ ತಂದವರ ದುಡ್ಡು ಮಾತ್ರ ಮುಟ್ಟುತ್ತೇವೆ.