ದೋಣಿಗೂ ಎಫ್‌ಸಿ ಬೇಡವೆ ಸ್ವಾಮಿ?

ಯಶವಂತಪುರದ ಲಾರಿ ಮಾಲೀಕರನ್ನು ಒಮ್ಮೆ ಕೇಳಿ ನೋಡಿ. ಎಫ್‌ಸಿ ದಿನ ಹತ್ತಿರ ಬಂತೆಂದರೆ ಅವರಿಗೆ ನಿದ್ದೆ ಬರುವುದಿಲ್ಲ. ಬ್ರೇಕು, ಲೈಟು, ಟೈರು, ಹಾರನ್ನು, ಹಿಂದೆ ಅಂಟಿಸುವ ಕೆಂಪು ಪಟ್ಟಿಯವರೆಗೆ ಎಲ್ಲವೂ ಸರಿಯಾಗಿರಬೇಕು. 8 ವರ್ಷ ದಾಟಿದ ಗಾಡಿಯಾದರೆ ಈ ಪರೀಕ್ಷೆ ಪ್ರತಿ ವರ್ಷ. ಯಶವಂತಪುರದ ಕೆಎ-04 ಇರಲಿ, ಯಲಹಂಕದ ಕೆಎ-50 ಇರಲಿ, ಎಫ್‌ಸಿ ಇಲ್ಲದೆ ರಸ್ತೆಗಿಳಿದರೆ ಕೇಸು. ಆ ಲಾರಿ ಹೊರುವುದು ಏನನ್ನು? ಈರುಳ್ಳಿ ಮೂಟೆ, ಆಲೂಗಡ್ಡೆ ಮೂಟೆ.

ಈಗ ಕೆರೆ ಕಡೆ ಬನ್ನಿ. ವಿಹಾರದ ದೋಣಿಗೆ ಹತ್ತುವುದು ಮೂಟೆಯಲ್ಲ, ಮಕ್ಕಳು. ಈಜು ಬಾರದ ಮಕ್ಕಳು, ಸೀರೆ ಉಟ್ಟ ತಾಯಂದಿರು, ಕೈ ನಡುಗುವ ಅಜ್ಜಂದಿರು. ಈ ದೋಣಿಯನ್ನು ಕಳೆದ ಬಾರಿ ನೀರಿನಿಂದ ಮೇಲೆತ್ತಿ ತಳ ನೋಡಿದ್ದು ಯಾವತ್ತು ಅಂತ ಟಿಕೆಟ್ ಕೌಂಟರಿನಲ್ಲಿ ಕೇಳಿ. ಉತ್ತರದ ಬದಲು ನಿಮ್ಮನ್ನೇ ಮೇಲೆ ಕೆಳಗೆ ನೋಡಿದರೆ ಆಶ್ಚರ್ಯಪಡಬೇಡಿ.

ಈ ಮಾತು ಈಗೇಕೆ ಅಂದರೆ, ಕಾಲವೇ ಹಾಗಿದೆ. ಹಿಮ ಬೀಳುವ ದೇಶಗಳಲ್ಲಿ ದೋಣಿಗಳನ್ನು ಚಳಿಗಾಲದಲ್ಲಿ ಶೆಡ್ಡಿಗೆ ಸೇರಿಸಿ, ವಸಂತ ಬಂದಾಗ ಎಂಜಿನ್ ಬಿಚ್ಚಿ ನೋಡಿ, ತಳ ತಟ್ಟಿ ನೋಡಿ, ಆಮೇಲೆ ನೀರಿಗೆ ಇಳಿಸುತ್ತಾರೆ. ಅಲ್ಲಿ ಕಾಲವೇ ಬಲವಂತವಾಗಿ ರಜಾ ಕೊಡಿಸುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ದೋಣಿಗೆ ರಜವೂ ಇಲ್ಲ, ರಿಪೇರಿಯೂ ಇಲ್ಲ! ಆದರೆ ನಮಗೂ ಒಂದು ವಸಂತವಿದೆ. ಯುಗಾದಿ ಆಸುಪಾಸಿನಲ್ಲಿ ಮಕ್ಕಳ ಪರೀಕ್ಷೆ ಮುಗಿಯುತ್ತದೆ. ಏಪ್ರಿಲ್, ಮೇ ಪೂರ್ತಿ ಊರಿನ ಮಕ್ಕಳೆಲ್ಲ ಕೆರೆ ದಂಡೆಗೆ. ಅದಕ್ಕೆ ಮುಂಚೆ ಸಿಗುವ ಒಂದೆರಡು ವಾರವೇ ನಮ್ಮ ದೋಣಿಗಳ ರಿಪೇರಿ ಕಾಲ. ಅದು ತಪ್ಪಿದರೆ ಆ ವರ್ಷ ತಪ್ಪಿದಂತೆಯೇ.

ಇನ್ನೊಂದು ಸಂಗತಿ. ಏಪ್ರಿಲ್, ಮೇ ತಿಂಗಳಲ್ಲೇ ಬೆಂಗಳೂರಿನಲ್ಲಿ ಮಧ್ಯಾಹ್ನದ ಮೇಲೆ ಏಕಾಏಕಿ ಗುಡುಗು, ಗಾಳಿ, ಆನೆಕಲ್ಲು ಮಳೆ ಬರುವುದು. ದೋಣಿ ಹತ್ತುವವರ ನೂಕುನುಗ್ಗಲು ಹೆಚ್ಚುವುದೂ ಸಂಜೆ ಹೊತ್ತಿಗೇ. ಬಿಸಿಲಲ್ಲಿ ನಿಂತ ನೀರಿನಲ್ಲಿ ಓಡಾಡಿಕೊಂಡಿದ್ದ ಹಳೇ ದೋಣಿ ಗಾಳಿ ಎದ್ದ ಐದು ನಿಮಿಷದಲ್ಲಿ ತನ್ನ ಬಂಡವಾಳ ಬಯಲು ಮಾಡುತ್ತದೆ.

ಬಣ್ಣ ಬಳಿದರೆ ಮುಗಿಯಿತೆ?

ನಮ್ಮಲ್ಲಿ ದೋಣಿ ರಿಪೇರಿ ಎಂದರೆ ಸಾಮಾನ್ಯವಾಗಿ ಬಣ್ಣ ಬಳಿಯುವುದು. ಹಂಸದ ಕೊಕ್ಕಿಗೆ ಕೆಂಪು, ರೆಕ್ಕೆಗೆ ಬಿಳಿ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು. ಆಯುಧಪೂಜೆ ದಿನ ಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ನಿಂಬೆಹಣ್ಣು ಕಟ್ಟುತ್ತಾರೆ. ಪೂಜೆಗೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ ನಿಂಬೆಹಣ್ಣಿನಿಂದ ತಳದ ಬಿರುಕು ಮುಚ್ಚುವುದಿಲ್ಲ.

ಏನೇನು ನೋಡಬೇಕು? ಇದೇನು ರಾಕೆಟ್ ವಿದ್ಯೆಯಲ್ಲ. ಗ್ಯಾರೇಜಿನಲ್ಲಿ ಕೆಲಸ ಗೊತ್ತಿರುವ ಹುಡುಗನಿಗೆ ತೋರಿಸಿಕೊಟ್ಟರೆ ಸಾಕು.

ಮೊದಲನೆಯದು ತಳ. ಈಗಿನ ದೋಣಿಗಳು ಹೆಚ್ಚಿನವು ಫೈಬರಿನವು. ಮೇಲೆತ್ತಿ, ಪಾಚಿ ಉಜ್ಜಿ, ಒಣಗಿಸಿ, ನಾಣ್ಯದಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗದಲ್ಲಿ ಬೊದ್ದು ಸದ್ದು ಬರುತ್ತದೆ. ಗುಳ್ಳೆ ಎದ್ದಿದ್ದರೆ ನೀರು ಒಳಗಿಳಿದಿದೆ ಎಂದೇ ಅರ್ಥ. ಸೀಟಿನ ಕೆಳಗೆ ತುಂಬಿರುವ ಫೋಮ್ ದೋಣಿ ಮಗುಚಿದರೂ ಪೂರ್ತಿ ಮುಳುಗದಂತೆ ಹಿಡಿದಿಡಲು ಇರುವುದು. ಅದೇ ನೀರು ಕುಡಿದು ಊದಿದ್ದರೆ ಮೇಲೆ ಹಿಡಿಯಬೇಕಾದದ್ದೇ ಕೆಳಗೆಳೆಯುವ ಭಾರವಾಗುತ್ತದೆ.

ಪೆಡಲ್ ದೋಣಿ ನಿರಪಾಯ ಎಂದುಕೊಂಡಿದ್ದೇವೆ. ಅದರ ಎರಡು ಕಡೆಯ ತೇಲುಡಬ್ಬಿಗಳ ಮುಚ್ಚಳ ಬಿಚ್ಚಿ ನೋಡಿ. ಒಳಗೆ ಅರ್ಧ ಬಕೆಟ್ ನೀರು ಕಂಡರೆ ಎಲ್ಲೋ ತೂತಿದೆ ಎಂದೇ ಲೆಕ್ಕ. ಒಂದು ಕಡೆ ನೀರು ತುಂಬಿದ ದೋಣಿ ಒಂದು ಕಡೆಗೇ ವಾಲುತ್ತದೆ. ಪೆಡಲಿನ ಶಾಫ್ಟಿಗೆ ಗ್ರೀಸು, ಚುಕ್ಕಾಣಿಯ ನಟ್ಟು ಬೋಲ್ಟು, ಇವಕ್ಕೆ ಎಷ್ಟು ಖರ್ಚಾದೀತು?

ಎರಡನೆಯದು ಎಂಜಿನ್. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರ್ ಕಟ್ಟುತ್ತದೆ, ನಡುಗೆರೆಯಲ್ಲಿ ಎಂಜಿನ್ ನಿಲ್ಲುತ್ತದೆ. ಹಳೇ ಪೆಟ್ರೋಲ್ ತೆಗೆಯಬೇಕು, ಬಿರುಕು ಬಿಟ್ಟ ರಬ್ಬರ್ ಪೈಪು ಬದಲಿಸಬೇಕು, ಪ್ಲಗ್ಗು ನೋಡಬೇಕು. ಗೇರ್ ಆಯಿಲ್ ಇಳಿಸಿದಾಗ ಅದು ಹಾಲು ಬೆರೆಸಿದ ಟೀ ಬಣ್ಣಕ್ಕೆ ಬಂದಿದ್ದರೆ ಸೀಲು ಹೋಗಿ ನೀರು ಒಳಹೊಕ್ಕಿದೆ ಎಂದು ತಿಳಿಯಬೇಕು. ಎಂಜಿನ್ ತಣ್ಣಗಿಡಲು ಕೆರೆ ನೀರು ಎಳೆಯುವ ಪಂಪಿನೊಳಗೆ ಅಂಗೈಯಷ್ಟು ಸಣ್ಣ ರಬ್ಬರ್ ಇಂಪೆಲ್ಲರ್ ಇರುತ್ತದೆ. ಅದರ ಎಸಳು ಮುರಿದರೆ ಎಂಜಿನ್ ಕಾದು ಸೀಜ್ ಆಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೆ ಹಿಂಬದಿಯ ತೂತಿನಿಂದ ನೀರಿನ ಎಳೆ ಚಿಮ್ಮುತ್ತಿದೆಯೇ ನೋಡಿದರೆ ಪಂಪಿನ ಯೋಗ್ಯತೆ ಗೊತ್ತಾಗುತ್ತದೆ. ದಂಡೆಯ ಮೇಲೆ ಪರೀಕ್ಷಿಸುವುದಾದರೆ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿಯೇ ಓಡಿಸಬೇಕು. ಬರಿದೇ ಓಡಿಸಿದರೆ ಅರ್ಧ ನಿಮಿಷದಲ್ಲೇ ಆ ರಬ್ಬರು ಕೆಡಲು ಶುರುವಾಗುತ್ತದೆ.

ನಮ್ಮ ಕೆರೆ ನೀರಿನ ಕಥೆ ಬೇರೆಯೇ. ಚರಂಡಿ ನೀರು, ಪ್ಲಾಸ್ಟಿಕ್ ಕವರು, ಅಂತರಗಂಗೆ, ಗಾಳದ ನೈಲಾನ್ ದಾರ. ಈ ದಾರ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಕುಯ್ಯುತ್ತದೆ. ಕವರು ಹೋಗಿ ನೀರೆಳೆಯುವ ಬಾಯಿಗೆ ಅಂಟಿಕೊಳ್ಳುತ್ತದೆ. ತಿಳಿನೀರಿಗೆಂದು ಕಂಪನಿ ಬರೆದುಕೊಟ್ಟ ಸರ್ವಿಸ್ ಲೆಕ್ಕ ಇಲ್ಲಿಗೆ ಸಾಲದು. ಇಲ್ಲಿ ಅದಕ್ಕಿಂತ ಬೇಗ ಬೇಗ ನೋಡಬೇಕು. ತೆಗೆದ ಹಳೇ ಆಯಿಲ್ಲನ್ನು ಕೆರೆಗೇ ಚೆಲ್ಲುವ ಪುಣ್ಯಾತ್ಮರಿಗೆ ಏನು ಹೇಳಬೇಕೋ ತಿಳಿಯದು. ಅನ್ನದ ತಟ್ಟೆಗೇ ಮಣ್ಣು ಹಾಕಿಕೊಂಡ ಹಾಗೆ.

ವೇಗದ ಮೋಟಾರು ದೋಣಿಯಾದರೆ ಇನ್ನೂ ಎರಡು ಮಾತು. ಓಡಿಸುವವನ ಕೈಗೋ ಕಾಲಿಗೋ ಕಟ್ಟುವ ಒಂದು ಕೆಂಪು ದಾರ ಇರುತ್ತದೆ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ತಾನೇ ನಿಲ್ಲಲಿ ಎಂದು. ಅದನ್ನು ಎಂಜಿನ್ನಿಗೇ ಸುತ್ತಿಟ್ಟು ಓಡಿಸುವವರು ತಮ್ಮ ಜೀವದ ಜೊತೆ ಪರರ ಜೀವವನ್ನೂ ಪಣಕ್ಕಿಡುತ್ತಾರೆ. ನೀರಿನ ಮೇಲೆ ಜಾರುವವರನ್ನೋ, ಮಲ್ಪೆ ಮುರ್ಡೇಶ್ವರದಲ್ಲಿ ಕಾಣುವ ಗಾಳಿ ತುಂಬಿದ ಬಾಳೆಹಣ್ಣಿನ ತೆಪ್ಪವನ್ನೋ ಎಳೆಯುವ ದೋಣಿಯಾದರೆ, ಕೊಕ್ಕೆ ಮತ್ತು ಹಗ್ಗವನ್ನು ಪ್ರತಿ ಸಲ ನೋಡಬೇಕು. ಬಿಸಿಲಿಗೆ ಒಣಗಿದ ನೈಲಾನ್ ಹಗ್ಗ ನೋಡಲು ಗಟ್ಟಿ, ಜಗ್ಗಿದರೆ ದಾರ.

ಮೂರನೆಯದು ಲೈಫ್ ಜಾಕೆಟ್. ಗೂಟಕ್ಕೆ ನೇತುಹಾಕಿ ವರ್ಷಗಟ್ಟಲೆ ಬಿಸಿಲು ಕುಡಿದ ಜಾಕೆಟ್ಟಿನ ಬಟ್ಟೆ ಉಗುರಿಗೇ ಹರಿಯುತ್ತದೆ, ಬಕಲ್ ಕೂರುವುದಿಲ್ಲ. ಒಂದೊಂದನ್ನೂ ಹಾಕಿಕೊಂಡು ನೀರಿಗಿಳಿದು ನೋಡಬೇಕು. ತೇಲಿಸದಿದ್ದರೆ ಬೆಂಕಿಗೆ ಹಾಕುವುದಲ್ಲ, ಮತ್ತೆ ಯಾರೂ ಬಳಸದಂತೆ ಕತ್ತರಿಸಿ ಬಿಸಾಡಬೇಕು. ದೊಡ್ಡವರ ಜಾಕೆಟ್ಟನ್ನು ಐದು ವರ್ಷದ ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ಮಗು ಕೆಳಗೆ. ಮಕ್ಕಳ ಅಳತೆಯದು, ಕಾಲ ಸಂದಿಯ ಪಟ್ಟಿ ಇರುವುದು, ಬೇರೆಯೇ ಬೇಕು.

ಕೋಟೆ ಸೂರೆಹೋದ ಮೇಲೆ

ಇಷ್ಟೆಲ್ಲ ಏತಕ್ಕೆ ಹೇಳುತ್ತಿದ್ದೇವೆ? ಪಟ್ಟಿ ನೋಡಿ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. 2019ರ ಜನವರಿ 21ರಂದು ನಮ್ಮ ಕಾರವಾರದಲ್ಲೇ ಕೂರ್ಮಗಡದ ಜಾತ್ರೆಗೆ ಹೋದವರ ದೋಣಿ ಮುಳುಗಿ 16 ಜನ ಹೋದರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಜನ. ಅದು ಮೀನು ಹಿಡಿಯುವ ದೋಣಿಯನ್ನು ಮಾರ್ಪಾಟು ಮಾಡಿ ಪ್ರವಾಸಿ ದೋಣಿ ಎಂದು ಓಡಿಸಿದ್ದು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ 12 ಮಕ್ಕಳು, 2 ಶಿಕ್ಷಕಿಯರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರು, ಎಲ್ಲರಿಗೂ ಜಾಕೆಟ್ ಇರಲಿಲ್ಲ.

ಕೊನೆಯದನ್ನು ನಾವು ಎರಡು ಸಲ ಓದಬೇಕು. ಅದು ಕಡಲಲ್ಲ, ಊರೊಳಗಿನ ಕೆರೆ. ಕೆರೆ ಪಾಲಿಕೆಯದು, ನಡೆಸುವವರು ಗುತ್ತಿಗೆದಾರರು. ನಮ್ಮ ಹೆಬ್ಬಾಳ, ನಾಗವಾರದ ಕಡೆಯವರಿಗೆ ಈ ಏರ್ಪಾಟು ಹೊಸದೇನಲ್ಲ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಇವೇ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲು ಹೋಗಿ, 2008ರಲ್ಲಿ ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಕೆರೆ ಯಾರದು ಎಂಬ ಆ ವಾದ ದೊಡ್ಡದು, ಸರಿಯಾದದ್ದೂ ಹೌದು. ಅದರ ಪಕ್ಕದಲ್ಲೇ ಕೇಳಬೇಕಾದ ಸಣ್ಣ ಪ್ರಶ್ನೆ: ಕೆರೆ ಯಾರದೇ ಆಗಲಿ, ದೋಣಿಯ ತಳ ನೋಡುವವರು ಯಾರು?

ಕಾನೂನು ಇಲ್ಲ ಎಂದು ಯಾರೂ ಜಾರಿಕೊಳ್ಳುವಂತಿಲ್ಲ. 1917ರ ಬ್ರಿಟಿಷರ ಕಾಲದ ಕಾಯಿದೆ ತೆಗೆದು 2021ರಲ್ಲಿ ಒಳನಾಡು ಹಡಗುಗಳ ಕಾಯಿದೆ ತಂದರು. ಕೆರೆಯೂ ಅದರ ಒಳನಾಡು ನೀರಿನ ಲೆಕ್ಕಕ್ಕೆ ಸೇರಿದೆ. ಎಂಜಿನ್ ದೋಣಿಗೆ ನೋಂದಣಿ, ತಪಾಸಣೆ ಪತ್ರ, ವಿಮೆ ಎಲ್ಲವನ್ನೂ ಹೇಳುತ್ತದೆ. ಎಂಜಿನ್ ಇಲ್ಲದ ದೋಣಿಗಳನ್ನೂ ಸ್ಥಳೀಯ ಸಂಸ್ಥೆಗಳಲ್ಲಿ ದಾಖಲು ಮಾಡಿಸುವ ಮಾತು ಅದರಲ್ಲಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಹೊರಡಿಸಿದೆ. ಕಾಗದಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಬಗ್ಗಿ ತಳ ನೋಡುವ ಮನುಷ್ಯನದು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದವು. ಯಲಹಂಕದ ಕಡೆಗೆ ಬೆಂಗಳೂರು ಉತ್ತರ ನಗರಪಾಲಿಕೆ ಬಂತು. ಬೋರ್ಡು ಹೊಸದು. ಹಳೇ ಫೈಲು ಯಾರ ಬಳಿ ಇದೆ ಎಂಬ ಕಾರಣ ಹೇಳಿಕೊಂಡು ಕೂರದೆ, ಹೊಸ ಮನೆ ಗೃಹಪ್ರವೇಶಕ್ಕೆ ಈ ಒಂದು ಒಳ್ಳೆ ಕೆಲಸ ಮಾಡಲಿ ಎಂಬುದು ನಮ್ಮ ಆಶಯ.

ನಮ್ಮ ಒತ್ತಾಯ ಇಷ್ಟೆ. ಪ್ರತಿ ವರ್ಷ ಬೇಸಿಗೆ ರಜೆಗೆ ಮುಂಚೆ ಪ್ರತಿ ವಿಹಾರ ದೋಣಿಯೂ ನೀರಿನಿಂದ ಮೇಲೆ ಬರಬೇಕು. ತಿಳಿದ ತಂತ್ರಜ್ಞರು ಪರೀಕ್ಷಿಸಿ ಸಹಿ ಹಾಕಬೇಕು. ಮಿತಿಯಷ್ಟು ಜನರ ತೂಕಕ್ಕೆ ಮರಳು ಮೂಟೆ ಹೇರಿ ಮೊದಲ ಸುತ್ತು ಹಾಕಬೇಕು, ಮಕ್ಕಳನ್ನು ಕೂರಿಸಿ ಪರೀಕ್ಷೆ ಬೇಡ. ಎಷ್ಟು ಜನ ಎಂಬುದನ್ನು ದೋಣಿಯ ಹೊರಮೈಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಬೇಕು. ತಪಾಸಣೆಯ ತಾರೀಖು ಮತ್ತು ಸಹಿ ಮಾಡಿದವರ ಹೆಸರನ್ನು ಟಿಕೆಟ್ ಕೌಂಟರಿನಲ್ಲಿ ತೂಗುಹಾಕಬೇಕು. ರಕ್ಷಣಾ ದೋಣಿ ಎಂದು ಒಂದಿದ್ದರೆ ಅದರ ಸರ್ವಿಸ್ಸೇ ಮೊದಲು ಆಗಬೇಕು. ಗಾಳಿ ಎದ್ದ ತಕ್ಷಣ ಶಿಳ್ಳೆ ಊದಿ ಎಲ್ಲರನ್ನೂ ದಂಡೆಗೆ ಕರೆಯುವ ಅಧಿಕಾರ ಒಬ್ಬನಿಗೆ ಇರಬೇಕು, ಆ ದಿನದ ಕಲೆಕ್ಷನ್ ಹೋದರೂ ಸರಿಯೆ.

ಗುತ್ತಿಗೆದಾರರು ನಷ್ಟದ ಮಾತು ತೆಗೆಯುತ್ತಾರೆ. ಅವರ ಮಾತಿನಲ್ಲೂ ಸ್ವಲ್ಪ ನ್ಯಾಯವಿದೆ. ಹೆಚ್ಚು ಹಣ ಕೂಗಿದವರಿಗೇ ಗುತ್ತಿಗೆ ಎಂದರೆ ಅವರು ಉಳಿಸುವುದು ಎಲ್ಲಿ? ರಿಪೇರಿಯಲ್ಲೇ. ಆದ್ದರಿಂದ ರಿಪೇರಿಯ ಹಣವನ್ನು ಟೆಂಡರಿನಲ್ಲೇ ಬೇರೆ ತೆಗೆದಿಡಿ. ರಿಪೇರಿ ಮಾಡಿದ ರಸೀದಿ ತೋರಿಸಿದವರಿಗೇ ಆ ಹಣ ಕೊಡಿ. ಟೆಂಡರು ಬರೆಯುವವರಿಗೆ ಇದೇನು ಕಷ್ಟವೆ?

ಓದುಗರಿಗೂ ಒಂದು ಮಾತು. ದೋಣಿ ಹತ್ತುವ ಮುಂಚೆ ತಳದಲ್ಲಿ ನೀರು ನಿಂತಿದೆಯೆ ನೋಡಿ. ಮಗುವಿಗೆ ಅದರ ಅಳತೆಯ ಜಾಕೆಟ್ ಕೇಳಿ. ತಲೆ ಎಣಿಸಿ. ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಇಳಿದುಬಿಡಿ. ಟಿಕೆಟ್ ದುಡ್ಡು ಹೋದರೆ ಹೋಗಲಿ, ಮಗು ಅತ್ತರೆ ಅಳಲಿ. ಹತ್ತು ಜನ ಹೀಗೆ ಇಳಿದರೆ ಹನ್ನೊಂದನೆಯವನು ಬರುವ ಹೊತ್ತಿಗೆ ದೋಣಿ ರಿಪೇರಿಗೆ ಹೋಗಿರುತ್ತದೆ.

ಅನಾಹುತವಾದ ಮೇಲೆ ಮಂತ್ರಿಗಳ ಸಾಂತ್ವನ, ಪರಿಹಾರದ ಚೆಕ್ಕು, ತನಿಖಾ ಸಮಿತಿ ಎಲ್ಲವೂ ಓಡೋಡಿ ಬರುತ್ತವೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆ ಖರ್ಚಿನ ನೂರರಲ್ಲಿ ಒಂದು ಪಾಲು ಸಾಕು, ಗ್ರೀಸಿಗೆ, ಇಂಪೆಲ್ಲರಿಗೆ, ಹತ್ತಾರು ಮಕ್ಕಳ ಜಾಕೆಟ್ಟಿಗೆ. ಈರುಳ್ಳಿ ಮೂಟೆ ಹೊರುವ ಗಾಡಿಗೆ ಇರುವ ಎಫ್‌ಸಿ, ಮಕ್ಕಳನ್ನು ಹೊರುವ ದೋಣಿಗೂ ಇರಲಿ. ಸಂಬಂಧಪಟ್ಟವರು ರಜೆಗೆ ಮುಂಚೆಯೇ ಕೆರೆ ದಂಡೆಗೆ ಬರಲಿ.